ತಡವಾಗಿ ಹೊಡೆಯುವ ರೈಫಲ್

ಟ್ರಿಗರ್ ಎಳೆಯುವುದಕ್ಕೂ ಗುಂಡು ಹೊರಡುವುದಕ್ಕೂ ನಡುವೆ ಏನೂ ಇರಬಾರದು. ಸ್ಪರ್ಧೆಯ ರೈಫಲ್ ಅಂದರೆ ಅದೇ. ನನ್ನ ರೈಫಲ್‌ನಲ್ಲಿ ನಡುವೆ ಏನೋ ಇತ್ತು. ಕಣ್ಣು ಮಿಟುಕಿಸಿದಷ್ಟೂ ಅಲ್ಲ, ಅದರಲ್ಲೊಂದು ಚೂರು. ಹಿಂದೆ ನಿಂತವರ ಕಿವಿಗೆ ಅದು ಬೀಳುತ್ತಿರಲಿಲ್ಲ. ರೈಫಲ್‌ನ ಹಿಂಬದಿಯ ಕಟ್ಟಿಗೆಗೆ ಕೆನ್ನೆ ಒತ್ತಿ ಮಲಗಿದ ನನಗೆ ಮಾತ್ರ ಗೊತ್ತಾಗುತ್ತಿತ್ತು: ಬೆರಳು ತನ್ನ ಕೆಲಸ ಮುಗಿಸಿದೆ, ಒಳಗಿನ ಪಿನ್ನು ಇನ್ನೂ ಮುಟ್ಟಿಲ್ಲ. ಆಮೇಲೆ ಗುಂಡು ಹೋಗುತ್ತಿತ್ತು. ಅಷ್ಟರಲ್ಲಿ ನಳಿಗೆ ಎಲ್ಲೋ ಒಂದಿಷ್ಟು ಅಲುಗಿರುತ್ತಿತ್ತು, ಮತ್ತು ಐವತ್ತು ಮೀಟರಿನಾಚೆ ಕಾಗದದ ಮೇಲೆ ಅದು ಬೆರಳಗಲ ಆಗಿರುತ್ತಿತ್ತು.

ಇದನ್ನು ಹೇಳಿದಾಗಲೆಲ್ಲ ಜನ ರೈಫಲ್ ನೋಡುವುದು ಬಿಟ್ಟು ನನ್ನ ಮುಖ ನೋಡುತ್ತಿದ್ದರು. ಹುಡುಗಿ ಸೋತಿದ್ದಾಳೆ, ತಪ್ಪನ್ನು ಆಯುಧದ ಮೇಲೆ ಹಾಕುತ್ತಿದ್ದಾಳೆ ಎಂಬ ನೋಟ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು, ಈಗಲೂ ಹಾಗೆಯೇ. ಆದರೆ ಆಗ ಸಿಟ್ಟು ತೋರಿಸಿದರೆ, "ನೋಡ್ರಿ, ಮೈ ಹ್ಯಾಂಗ ನಡಗಾಕತ್ತೇತಿ" ಎನ್ನಲು ಅವರಿಗೆ ಇನ್ನೊಂದು ನೆವ ಸಿಗುತ್ತಿತ್ತು. ನನ್ನ ಮಾತು ನಂಬಿದವನು ಒಬ್ಬನೇ, ನಮ್ಮಪ್ಪ.

ಅಪ್ಪನದು ನರಗುಂದದ ಮಾರುಕಟ್ಟೆಯಲ್ಲಿ ಕಾಳಿನ ದಲಾಲಿ ಅಂಗಡಿ. ಹೆಸರು, ಕಡಲೆ, ಜೋಳ, ಕುಸುಬಿ. ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದು ಮೂಸಿದನೆಂದರೆ ಮಾಲು ಹೊಸದೋ ಹಳೆಯದೋ, ಮಳೆಗೆ ಸಿಕ್ಕಿತ್ತೋ ಇಲ್ಲವೋ ಎಂದು ಅಲ್ಲೇ ಹೇಳುತ್ತಿದ್ದ. ಅವನ ಮೂಗಿನ ಎದುರು ಯಾರೂ ವಾದಕ್ಕಿಳಿಯುತ್ತಿರಲಿಲ್ಲ. ಇಂಥವನ ಮಗಳು ಕಾಲೇಜಿನ ಕ್ಯಾಂಪಿಗೆ ಹೋಗಿ, ಖಾಕಿ ಹಾಕಿಕೊಂಡು, ಅಲ್ಲಿಯ ಹಳೆಯ ರೈಫಲ್‌ನಿಂದ ಗುರಿ ಹೊಡೆದು ಒಂದು ಹಿತ್ತಾಳೆ ಕಪ್ಪು ಗೆದ್ದು ತಂದಳು. ಅವ್ವ ಅದನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ದೇವರ ಮಾಡದಲ್ಲಿಟ್ಟಳು. ಅಪ್ಪನಿಗೆ ಅಷ್ಟು ಸಾಲಲಿಲ್ಲ. ಪರವಾನಗಿಗೆಂದು ಕಚೇರಿಯಿಂದ ಕಚೇರಿಗೆ ಚಪ್ಪಲಿ ಸವೆಸಿ, ಕೊನೆಗೆ ಪುಣೆಯ ಕಡೆಯ ವಯಸ್ಸಾದ ಶೂಟರ್ ಒಬ್ಬರಿಂದ ಪರದೇಶದ ರೈಫಲ್ ಕೊಂಡು ತಂದ. ಮಾರಿದವರು ಒಂದು ಮಾತನ್ನು ಒತ್ತಿ ಹೇಳಿದ್ದರು: ನಳಿಗೆಯನ್ನು ನೀವೇ ಸ್ವಚ್ಛ ಮಾಡಿಕೊಳ್ಳಿ, ಬೋಲ್ಟ್ ಮಾತ್ರ ಬಿಚ್ಚಲು ಹೋಗಬೇಡಿ. ಬೋಲ್ಟ್ ಅಂದರೆ ಹಿಂದಿನ ಉಕ್ಕಿನ ಕೊಳವೆ. ಅದರ ಹೊಟ್ಟೆಯಲ್ಲಿ ಒಂದು ಸ್ಪ್ರಿಂಗು, ಅದರ ಮುಂದೆ ಕಾಡತೂಸನ್ನು ಕುಟ್ಟಿ ಸಿಡಿಸುವ ಪಿನ್ನು. ಬಿಚ್ಚಿದರೆ ಕೂಡಿಸಲು ಬಾರದು ಎಂಬ ಹೆದರಿಕೆಯಲ್ಲಿ ನಾವು ಅದರ ತಂಟೆಗೇ ಹೋಗಲಿಲ್ಲ.

ನರಗುಂದದಲ್ಲಿ ಗುರಿ ಹೊಡೆಯಲು ಜಾಗವಿರಲಿಲ್ಲ. ಗಜೇಂದ್ರಗಡದಿಂದ ರಾಜೂರಿಗೆ ಹೋಗುವ ಹಾದಿಯಲ್ಲಿ ನನ್ನ ಸೋದರಮಾವನ ಹೊಲವಿತ್ತು, ಹೊಲದ ಬದಿಗೆ ಕಲ್ಲು ತೆಗೆದು ಬಿಟ್ಟ ಹಳೆಯ ಖಣಿ. ಮೂರು ಕಡೆ ಕಲ್ಲಿನ ಗೋಡೆ. ಠಾಣೆಯವರು ಬಂದು ನೋಡಿ ಹೂಂ ಅಂದಿದ್ದರು. ರವಿವಾರ ನಾನೂ ಅಪ್ಪನೂ ನರಗುಂದದಲ್ಲಿ ಬಸ್ಸು ಹತ್ತಿ, ರೋಣದಲ್ಲಿ ಇಳಿದು, ಗಿರಮಿಟ್ಟು ಮಿರ್ಚಿ ತಿಂದು, ಗಜೇಂದ್ರಗಡದ ಬಸ್ಸಿಗೆ ಕಾಯುತ್ತಿದ್ದೆವು. ಉದ್ದನೆಯ ಚೀಲ ನೋಡಿದ ಕಂಡಕ್ಟರ್ "ತಂಬೂರಿ ಏನ್ರಿ?" ಎಂದು ಕೇಳಿದರೆ ಅಪ್ಪ "ಹೌದ್ರಿ, ಮಗಳು ಹಾಡತಾಳ" ಅನ್ನುತ್ತಿದ್ದ. ಒಮ್ಮೆ ಒಬ್ಬ ಮುದುಕಿ ಒಂದು ಪದ ಹಾಡಲೇಬೇಕೆಂದು ನನಗೆ ಗಂಟು ಬಿದ್ದಳು. ನಾನು ಅಪ್ಪನನ್ನು ನುಂಗುವಂತೆ ನೋಡಿದೆ. "ಇವತ್ತ ಗಂಟಲಾ ಕಟ್ಟೇತಿ ಬಿಡಬೇ ಆಯಿ" ಎಂದು ಪಾರು ಮಾಡಿದ. ಖಣಿ ಮುಟ್ಟುವುದರೊಳಗೆ ಮಧ್ಯಾಹ್ನ ಆಗಿ ಕಲ್ಲು ಹಂಚಿನಂತೆ ಕಾದಿರುತ್ತಿತ್ತು. ನಾನು ಗೋಣಿಚೀಲ ಹಾಸಿ ಮಲಗಿ ಹೊಡೆಯುತ್ತಿದ್ದೆ. ಅಪ್ಪ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತು, ದುರ್ಬೀನಿನಲ್ಲಿ ಕಾಗದ ನೋಡಿ, ಎಲ್ಲಿ ಬಿತ್ತೆಂದು ಹೇಳುತ್ತಿದ್ದ.

ಮಹಾನವಮಿಗೆ ನಮ್ಮ ಕಡೆ ಖಂಡೇಪೂಜೆ, ಅಂದರೆ ಆಯುಧಪೂಜೆ. ತಕ್ಕಡಿ, ತೂಕದ ಕಲ್ಲು, ಕುಡುಗೋಲು, ಸ್ಕೂಟರು, ಅಜ್ಜನ ಕಾಲದ ಬಂದೂಕು ಎಲ್ಲವೂ ಪಡಸಾಲೆಗೆ ಬಂದು ಸಾಲಾಗಿ ಕೂರುತ್ತಿದ್ದವು. ರೈಫಲ್ ಬಂದ ಮೇಲೆ ಮೊದಲ ಮಣೆ ಅದಕ್ಕೇ. ಹೊಸ ಖಣದ ಬಟ್ಟೆಯ ಮೇಲೆ ಮಲಗಿಸಿ, ವಿಭೂತಿ ಎಳೆದು, ಕುಂಕುಮ ಹಚ್ಚಿ, ಚೆಂಡುಹೂ ಏರಿಸುತ್ತಿದ್ದರು. ನಮ್ಮ ಮನೆಯಲ್ಲಿ ಎಣ್ಣೆಗೂ ಒಂದು ಶಾಸ್ತ್ರ: ತಲೆಗೆ ಕೊಬ್ಬರಿ, ಬಂಡಿಯ ಅಚ್ಚಿಗೆ ಔಡಲ, ದೇವರ ದೀಪಕ್ಕೂ ಆಯುಧಕ್ಕೂ ಗಾಣದ ಕುಸುಬಿ. ಅಪ್ಪ ಬತ್ತಿಯನ್ನು ಕುಸುಬಿ ಎಣ್ಣೆಯಲ್ಲಿ ಅದ್ದಿ, ಬೋಲ್ಟಿನ ಹಿಂದಿನ ಸಂದಿನಲ್ಲಿ ಹನಿಹನಿಯಾಗಿ ಇಳಿಸುತ್ತಿದ್ದ. ಬಿಚ್ಚಬಾರದು ಎಂದಿದ್ದರೇ ಹೊರತು ಎಣ್ಣೆ ಬಿಡಬಾರದು ಎಂದು ಯಾರೂ ಹೇಳಿರಲಿಲ್ಲ. "ವರ್ಷಕ್ಕೊಮ್ಮೆ ಆಯುಧಾನೂ ಉಣಬೇಕ ತಂಗಿ" ಎಂದು ನನಗೆ ಹೇಳುತ್ತಿದ್ದ. ಅಜ್ಜನ ಬಂದೂಕಿಗೂ ಹಾಗೆಯೇ ಉಣಿಸುತ್ತ ಬಂದಿದ್ದರು. ಅದು ಪೂಜೆಗೆ ಬಿಟ್ಟು ಬೇರೆ ಯಾವ ಕೆಲಸಕ್ಕಾದರೂ ಬಂದದ್ದನ್ನು ಮನೆಯಲ್ಲಿ ಯಾರೂ ಕಂಡಿರಲಿಲ್ಲ.

ಖಣಿಯಲ್ಲಿ ನಾನು ಚಲೋ ಹೊಡೆಯುತ್ತಿದ್ದೆ. ಸುಳ್ಳು ವಿನಯ ನನಗೆ ಬರುವುದಿಲ್ಲ. ಚಲೋ ಅಂದರೆ ಚಲೋನೇ. ಕಪ್ಪು ವರ್ತುಲದ ನಟ್ಟನಡುವೆ ಗುಂಡಿನ ಮೇಲೆ ಗುಂಡು ಬಿದ್ದು ಒಂದೇ ತೂತು ಆಗುತ್ತಿತ್ತು. ಮೊದಲ ವರ್ಷದ ಸ್ಪರ್ಧೆಗಳಲ್ಲೂ ಹೆಸರು ಬಂತು. ಅಲ್ಲಿಂದ ಮುಂದೆ ಕೆಟ್ಟಿತು. ನಮ್ಮ ಸ್ಪರ್ಧೆಗಳು ನಡೆಯುತ್ತಿದ್ದದ್ದು ಬೆಳಗಾವಿಯ ಕಡೆ, ಚಳಿಗಾಲದಲ್ಲಿ, ಬೆಳಿಗ್ಗೆ ಬೆಳಿಗ್ಗೆ. ಹುಲ್ಲಿನ ಮೇಲೆ ಇಬ್ಬನಿ, ಬಾಯಿ ತೆರೆದರೆ ಹೊಗೆ. ಅಲ್ಲಿ ಮಲಗಿ ಟ್ರಿಗರ್ ಎಳೆದರೆ ಆ ತಡ. ಮೊದಲ ಸಲ ನನಗೇ ಭ್ರಮೆ ಅನ್ನಿಸಿತು. ಎರಡನೇ ಸಲ ಭ್ರಮೆಯಲ್ಲವೆಂದು ಗೊತ್ತಾಯಿತು. ಗುಂಡುಗಳು ಕೆಳಗೆ ಎಡಕ್ಕೆ, ಮೇಲೆ ಬಲಕ್ಕೆ, ಮನಬಂದಂತೆ ಚೆಲ್ಲಿದ್ದವು. ಮರುವಾರ ಖಣಿಗೆ ಹೋಗಿ ಬಿಸಿಲಲ್ಲಿ ಹೊಡೆದರೆ ಮತ್ತೆ ಒಂದೇ ತೂತು.

ನಾವು ಸುಮ್ಮನೆ ಕೂರಲಿಲ್ಲ. ಕಾಡತೂಸು ಹಳತಾಗಿರಬಹುದೆಂದು ಬೇರೆ ತರಿಸಿದೆವು. ಟ್ರಿಗರ್ ಬಿಗಿಯಾಗಿದೆಯೋ ಎಂದು ತೂಗಿ ನೋಡಿದೆವು. ಅದಕ್ಕೆ ಅಪ್ಪನ ಅಂಗಡಿಯ ತೂಕದ ಕಲ್ಲುಗಳೇ ಆದವು. ಕಟ್ಟಿಗೆಯ ತಿರುಪು ಬಿಗಿದೆವು, ಸಡಿಲಿಸಿದೆವು, ಮತ್ತೆ ಬಿಗಿದೆವು. ನನಗೆ ಕಲಿಸುತ್ತಿದ್ದ ಕೋಚ್, ಸೈನ್ಯದಿಂದ ನಿವೃತ್ತರಾದ ಹಿರಿಯರು, ಒಂದು ರವಿವಾರ ಖಣಿಗೇ ಬಂದು ತಾವೇ ಮಲಗಿ ಹೊಡೆದರು. ಸುಡು ಮಧ್ಯಾಹ್ನ. ರೈಫಲ್ ಬಂಗಾರದಂತೆ ನಡೆಯಿತು. ಅವರು ಎದ್ದು ಮೊಣಕೈ ಧೂಳು ಕೊಡವಿಕೊಂಡು, "ಬಂದೂಕಿನ್ಯಾಗ ಏನೂ ಇಲ್ಲವಾ. ನಾಕ ಮಂದಿ ಮುಂದ ಹೊಡಿಯೂ ಮುಂದ ನಿನ್ನ ಕೈ ಹೆದರತೈತಿ" ಅಂದರು. ಕೆಟ್ಟ ಮನುಷ್ಯರಲ್ಲ. ಕಂಡದ್ದನ್ನೇ ಹೇಳಿದರು. ನಾನು ಗೋಡೆಯ ಕಡೆ ಮುಖ ತಿರುಗಿಸಿ ನಿಂತೆ.

"ನನ್ನ ಮಗಳ ಕೈ ಸುಳ್ಳ ಹೇಳೂದಿಲ್ರಿ" ಎಂದು ಅಪ್ಪ ಅವರಿಗೆ ಹೇಳಿದ. ರೋಣದ ಬಸ್ ಸ್ಟ್ಯಾಂಡಿನಲ್ಲೂ ಹೇಳಿದ, ಬೆಳಗಾವಿಯಲ್ಲಿ ಬೇರೆ ಹುಡುಗಿಯರ ಅಪ್ಪಂದಿರ ಮುಂದೆಯೂ ಹೇಳಿದ. ಅವರು ಮುಗುಳ್ನಗುತ್ತಿದ್ದರು. ಮಗಳ ಮೇಲಿನ ಮೋಹ ಎಂದುಕೊಂಡಿರಬೇಕು. ನನಗೆ ನಾಚಿಕೆಯಾಗಿ ಅಪ್ಪನ ಅಂಗಿ ಜಗ್ಗುತ್ತಿದ್ದೆ. ಅದೇ ಹೊತ್ತಿಗೆ, ಅವನು ಹೇಳುವುದನ್ನು ನಿಲ್ಲಿಸಿಬಿಟ್ಟರೆ ನಾನು ಸತ್ತೇ ಹೋಗುತ್ತೇನೆ ಎಂದೂ ಅನ್ನಿಸುತ್ತಿತ್ತು.

ಜೂನಿಯರ್ ವಿಭಾಗದಲ್ಲಿ ನನಗದು ಕೊನೆಯ ವರ್ಷ. ರಾಜ್ಯದ ತಂಡಕ್ಕೆ ಆಯ್ಕೆ. ಆ ಸಲದ ಖಂಡೇಪೂಜೆಯಲ್ಲಿ ಅಪ್ಪ ಎಣ್ಣೆಯನ್ನು ಎಂದಿಗಿಂತ ಹೆಚ್ಚು ಹೊತ್ತು ಇಳಿಸಿದ; ಅವ್ವ ಹರಕೆ ಹೊತ್ತಳು. ಆಯ್ಕೆಯ ದಿನ ಥಂಡಿ ಎಷ್ಟಿತ್ತೆಂದರೆ ಬೆರಳು ಬಗಲಲ್ಲಿಟ್ಟುಕೊಂಡು ಕಾಯಿಸಬೇಕಾಯಿತು. ಆಗ ಪ್ರತಿ ಗುಂಡೂ ತಡವಾಗಿ ಹೋಯಿತು, ಒಂದೂ ಬಿಡದೆ. ನಡುವೆ ನಾನು ಬೆರಳನ್ನೇ ನಂಬದೆ, ಮೊದಲೇ ಎಳೆಯಲು ಹೋಗಿ, ಖರೆಯಾಗಿಯೂ ಕೆಡಿಸಿಕೊಂಡೆ. ಮುಗಿದ ಮೇಲೆ ಎದ್ದೇಳಲು ಆಗಲಿಲ್ಲ. ಅಪ್ಪ ಬಂದು ಪಕ್ಕದಲ್ಲಿ ಕುಳಿತು, ನನ್ನ ಬೆನ್ನ ಮೇಲೆ ಕೈ ಇಟ್ಟುಕೊಂಡಿದ್ದ. ನನ್ನ ಹೆಸರು ತಂಡದಲ್ಲಿ ಬರಲಿಲ್ಲ.

ರೈಫಲ್ ಅಲಮಾರಿ ಸೇರಿತು. ನಾನು ಓದು ಮುಗಿಸಿ ರೋಣದಲ್ಲಿ ಒಂದು ಸಾಲಿಯಲ್ಲಿ ಕಲಿಸಲು ಸೇರಿಕೊಂಡೆ. ಹಲಗೆಯ ಮೇಲೆ ಬರೆಯುವಾಗ ಒಮ್ಮೊಮ್ಮೆ ಸೀಮೆಸುಣ್ಣ ಹಿಡಿದ ಕೈಯನ್ನು ನೋಡಿಕೊಳ್ಳುತ್ತಿದ್ದೆ. ನಡುಗುತ್ತಿರಲಿಲ್ಲ. ಆದರೂ ಎಲ್ಲರೂ ಅಂದದ್ದನ್ನು ಒಳಗೆ ನಾನೂ ನಂಬಿಬಿಟ್ಟಿದ್ದೆ. ಯಾರಾದರೂ ಚಹಾದ ಕಪ್ಪು ಕೊಟ್ಟರೆ ಎರಡೂ ಕೈಯಲ್ಲಿ ಹಿಡಿಯುವುದು ರೂಢಿಯಾಯಿತು. ನಂಬದೆ ಉಳಿದವನು ಅಪ್ಪ ಮಾತ್ರ. ಎರಡು ವರ್ಷ ಕಳೆದು, ಮತ್ತೆ ಚಳಿಗಾಲ ಬಂದಾಗ ಒಂದು ದಿನ ರೈಫಲ್ ಹೊತ್ತುಕೊಂಡು ರೋಣಕ್ಕೇ ಬಂದ. "ಗಜೇಂದ್ರಗಡದಾಗ ಬಂದೂಕ ರಿಪೇರಿಯವ್ರ ಅದಾರು. ಬೋಲ್ಟ್ ಬಿಚ್ಚಿಸೇ ಬಿಡೂಣು. ಕೂಡಿಸಾಕ ಬರದಿದ್ರ ಬ್ಯಾಡ. ಹ್ಯಾಂಗೂ ಹೊಡಿಯೂದು ಬಿಟ್ಟಿ, ಕೆಟ್ರ ಕೆಡ್ಲಿ. ತಪ್ಪ ಯಾರದಂತ ನನಗ ಗೊತ್ತಾಗಬೇಕು" ಅಂದ. ಬೇಡವೆಂದು ಜಗಳಾಡಿದೆ. ಅವನ ಹಟದ ಮುಂದೆ ನನ್ನದು ನಡೆಯಲಿಲ್ಲ.

ರಿಪೇರಿಯವರು ಬೆಳೆ ಕಾಯುವವರ ಪರವಾನಗಿ ಬಂದೂಕು ಸರಿಮಾಡುವ ಮುಸಲ್ಮಾನ ಮನೆತನದವರು; ಅದರ ಜೊತೆ ಹೊಲಿಗೆ ಯಂತ್ರ, ಬೀಗ ಕೂಡ. ಇಂಥ ರೈಫಲ್ ಅವರು ಹಿಂದೆ ಕಂಡಿರಲಿಲ್ಲ. "ಬಿಚ್ಚತೀನ್ರಿ, ಕೂಡಿಸೂದು ಆ ಮಾಲಕನ ಮರ್ಜಿ" ಎಂದು ನಕ್ಕು ಮೇಲೆ ಕೈ ತೋರಿಸಿದರು. ನಾವು ಹೋದದ್ದು ಚುಮುಚುಮು ಚಳಿಯ ಬೆಳಿಗ್ಗೆ. ಬೋಲ್ಟನ್ನು ಹೊರತೆಗೆದು ಪಿನ್ನನ್ನು ಹೆಬ್ಬೆರಳಲ್ಲಿ ಒತ್ತಿ ಬಿಟ್ಟರು. ಅದು ಥಟ್ಟನೆ ವಾಪಸು ಬರಲಿಲ್ಲ. ನಿಧಾನಕ್ಕೆ ತೆವಳುತ್ತ ಬಂತು. ಅವರು ಹುಬ್ಬು ಗಂಟಿಕ್ಕಿ, ಬೋಲ್ಟನ್ನು ಮೆಟ್ಟಿಲ ಮೇಲೆ ಬಿದ್ದಿದ್ದ ಬಿಸಿಲಿಗಿಟ್ಟು, ನಮಗೆ ಚಹಾ ತರಿಸಿದರು. ಚಹಾ ಕುಡಿದು ಕಪ್ಪು ಕೆಳಗಿಡುವ ಹೊತ್ತಿಗೆ ಉಕ್ಕು ಬೆಚ್ಚಗಾಗಿತ್ತು. ಮತ್ತೆ ಒತ್ತಿ ಬಿಟ್ಟರು. ಈ ಸಲ ಪಿನ್ನು ಸಿಡಿದು ಬಂತು.

ಅವರಿಗೆ ಅದು ಬರೀ ಜಿಡ್ಡಿನ ವಿಚಾರ. ನನಗೆ ಮಾತ್ರ ಎಲ್ಲವೂ ಒಮ್ಮೆಲೇ ಹೊಳೆಯಿತು. ಖಣಿಯ ಮಧ್ಯಾಹ್ನಗಳು, ಬೆಳಗಾವಿಯ ಬೆಳಗುಗಳು. ಕೈ ಮಂದಿಗೆ ಹೆದರಿದ್ದಲ್ಲ. ಥಂಡಿಗೆ ಒಳಗೇನೋ ಬಿಗಿದುಕೊಳ್ಳುತ್ತಿತ್ತು, ಬಿಸಿಲಿಗೆ ಬಿಡುತ್ತಿತ್ತು. ಅಷ್ಟೇ. ಕೂಗಬೇಕೆನಿಸಿತು. ಆ ಕೋಚ್ ಮನೆಗೆ ಹೋಗಿ ಬಾಗಿಲು ಬಡಿಯಬೇಕೆನಿಸಿತು.

ಅವರು ಬೋಲ್ಟ್ ಬಿಚ್ಚಿದರು. ಸ್ಪ್ರಿಂಗಿನ ಸುತ್ತ, ಪಿನ್ನಿನ ಮೈಗೆಲ್ಲ ಜೇನು ಬಣ್ಣದ ಅಂಟು ಮೆತ್ತಿತ್ತು. "ಏನಿದು, ಗ್ರೀಸ್ ಅಲ್ಲ" ಎನ್ನುತ್ತ ಒಂದಿಷ್ಟನ್ನು ಕಡ್ಡಿಯಿಂದ ಕೆರೆದು ಚಿಂದಿಗೆ ಒರೆಸಿದರು. ಅಪ್ಪ ಕೈ ಚಾಚಿ ಚಿಂದಿ ಇಸಿದುಕೊಂಡ. ಎರಡು ಬೆರಳಲ್ಲಿ ತಿಕ್ಕಿದ. ಮೂಗಿನ ಹತ್ತಿರ ಒಯ್ದ. ಮಾರುಕಟ್ಟೆಯಲ್ಲಿ ಹೇಳುವ ಅದೇ ಠೀವಿಯಲ್ಲಿ, ಒಂದು ಕ್ಷಣವೂ ಯೋಚಿಸದೆ, ಹೇಳಿದ:

"ಕುಸುಬಿ."

ಹೇಳಿ ಆದ ಮೇಲೆ ಅವನಿಗೆ ಅದು ಕೇಳಿಸಿತು. ಕುಸುಬಿ ಎಣ್ಣೆ ಬಯಲಿಗಿಟ್ಟರೆ ಕೆನೆಗಟ್ಟಿ ಅಂಟಾಗುತ್ತದೆ ಎಂದು ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಮನೆಯ ಎಣ್ಣೆ ಡಬ್ಬಿಗಳ ಕಂಠದಿಂದ ಅದನ್ನು ಎಷ್ಟು ಸಲ ಕೆರೆದಿದ್ದನೋ. ಚಿಂದಿ ಕೈಯಲ್ಲೇ ಇತ್ತು. ಅವನು ನನ್ನ ಕಡೆ ನೋಡಲಿಲ್ಲ. ರಿಪೇರಿಯವರನ್ನು ಕೇಳಿದ, "ಇದರಿಂದನ ಆಗಿತ್ತೇನ್ರಿ?"

ಅವರು ನನ್ನ ಮುಖ ನೋಡಿದರು, ಅಪ್ಪನ ಮುಖ ನೋಡಿದರು. ಏನು ತಿಳಿಯಿತೋ. "ಹ್ಯಾಂಗ ಹೇಳಾಕ ಬರತೈತ್ರಿ? ಇದೂ ಇರಬಹುದು, ಮತ್ತೊಂದೂ ಇರಬಹುದು. ರಾಕೆಲ್ ಹಾಕಿ ತೊಳದ ಕೊಡತೀನಿ. ನಾಳೆ ಮುಂಜಾನಿ ಥಂಡಿಯೊಳಗ ಹೊಡದ ನೋಡ್ರಿ. ಆಗ ಖರೇ ತಿಳೀತೈತಿ."

ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಅವರು ಬೋಲ್ಟನ್ನು ಹೇಗೋ ಸರಿಯಾಗಿಯೇ ಕೂಡಿಸಿದರು. ನಾವು ರಾಜೂರಿನಲ್ಲಿ ಮಾವನ ಮನೆಯಲ್ಲಿ ಉಳಿದೆವು. ಅತ್ತೆ ಬಿಸಿರೊಟ್ಟಿ ಬಡಿದು ಹಾಕುತ್ತಿದ್ದಳು. ಅಪ್ಪ ಒಂದನ್ನು ಮುರಿದು ತಟ್ಟೆಯಲ್ಲೇ ಬಿಟ್ಟ. "ಹೊಟ್ಟಿ ತುಂಬೇತಿ" ಅಂದ. ಯಾರದೋ ಮದುವೆಯ ಮಾತು ಬಂದರೆ ಹೂಂಗುಟ್ಟಿದ, ಯಾರದೆಂದು ಕೇಳಲಿಲ್ಲ. ನಮ್ಮಪ್ಪನ ಮುಖ ಅಷ್ಟು ಸಣ್ಣದಾದದ್ದನ್ನು ನಾನು ಹಿಂದೆ ನೋಡಿರಲಿಲ್ಲ.

ಬೆಳಿಗ್ಗೆ ಖಣಿಯಲ್ಲಿ ಕಲ್ಲು ತಣ್ಣಗೆ ಕೊರೆಯುತ್ತಿತ್ತು. ಅಪ್ಪ ದುರ್ಬೀನು ನಿಲ್ಲಿಸಿದನೇ ವಿನಾ ಅದಕ್ಕೆ ಕಣ್ಣಿಡಲಿಲ್ಲ. ತುಸು ದೂರ ಹೋಗಿ, ಶಾಲು ಬಿಗಿಯಾಗಿ ಹೊದ್ದು, ಕಲ್ಲಿನ ಮೇಲೆ ಕುಳಿತ. ನಾನು ಮಲಗಿದೆ. ಎರಡು ವರ್ಷ ಮುಟ್ಟಿರಲಿಲ್ಲ. ಕೆನ್ನೆ ತಾನೇ ತನ್ನ ಜಾಗ ಹುಡುಕಿಕೊಂಡಿತು. ಉಸಿರು ಬಿಟ್ಟು ಎಳೆದೆ.

ನಡುವೆ ಏನೂ ಇರಲಿಲ್ಲ. ಬೆರಳು, ಗುಂಡು, ಎರಡೂ ಒಂದೇ. ಮತ್ತೆ ಹೊಡೆದೆ, ಮತ್ತೆ. ಕಾಡತೂಸು ತುಂಬುವಾಗ ಕಣ್ಣಲ್ಲಿ ನೀರು ಬಂದು ಒರೆಸಿಕೊಳ್ಳಬೇಕಾಯಿತು. ದುರ್ಬೀನಿಗೆ ಕಣ್ಣಿಟ್ಟರೆ ನಟ್ಟನಡುವೆ ಒಂದೇ ಒಂದು ಹರಕು ತೂತು. ನನ್ನ ಕೈ ಸುಳ್ಳು ಹೇಳಿರಲಿಲ್ಲ. ಈ ಮಾತಿಗೆ ನಾನು ಎಷ್ಟು ವರ್ಷ ಕಾದಿದ್ದೆ! ಎದ್ದು ಕುಳಿತು ಅಪ್ಪನನ್ನು ಕೂಗಲು ಬಾಯಿ ತೆರೆದೆ.

ಅಪ್ಪ ಮೊಣಕಾಲ ನಡುವೆ ಎರಡೂ ಕೈ ಸಿಕ್ಕಿಸಿಕೊಂಡು ನೆಲ ನೋಡುತ್ತ ಕುಳಿತಿದ್ದ. ಪರೀಕ್ಷೆಯ ಫಲಿತಾಂಶದ ದಿನ ಸಾಲಿಯ ಗೇಟಿನಲ್ಲಿ ಹುಡುಗರು ನಿಲ್ಲುತ್ತಾರಲ್ಲ, ಹಾಗೆ. "ಹ್ಯಾಂಗಾತವಾ?" ಅಂದ. ತಲೆ ಎತ್ತಲಿಲ್ಲ.

"ಇದು ಬರೇ ಅಂದಾಜಿಗೆ ಹೊಡದದ್ದಪ್ಪಾ, ಲೆಕ್ಕಕ್ಕಿಲ್ಲ. ಕಾಗದ ಬದಲ ಮಾಡಿ ಹೊಡೀತೀನಿ" ಅಂದೆ.

ಬೋಲ್ಟ್ ತೆರೆದು ರೈಫಲನ್ನು ಅಲ್ಲೇ ಇಟ್ಟು, ಹಲಗೆಯ ತನಕ ನಡೆದುಹೋಗಿ, ಆ ಕಾಗದ ತೆಗೆದು ಮಡಚಿ ಕಿಸೆಗೆ ಹಾಕಿಕೊಂಡೆ. ಆಮೇಲೆ ಅದು ಅತ್ತೆಯ ನೀರೊಲೆ ಸೇರಿತು. ಹೊಸ ಕಾಗದ ಅಂಟಿಸಿ ಬಂದು ಮಲಗಿದೆ. ಬೇಕೆಂದು ಕೆಟ್ಟದಾಗಿ ಹೊಡೆಯುವುದು ಸುಲಭವಲ್ಲ. ಎಲ್ಲವೂ ದೂರ ಬಿದ್ದರೆ ಅಪ್ಪನಿಗೆ ಗೊತ್ತಾಗುತ್ತದೆ; ನಾನು ಹೊಡೆದ ಒಂದೊಂದು ಗುಂಡನ್ನೂ ನೋಡಿದವನು ಅವನು. ಬೆಳಗಾವಿಯ ಆ ಕಾಗದಗಳನ್ನು ಒಂದೊಂದಾಗಿ ನೆನೆಸಿಕೊಂಡೆ. ಒಂದು ಕೆಳಗೆ ಎಡಕ್ಕೆ, ಒಂದು ಮೇಲೆ ಬಲಕ್ಕೆ. ಒಂದನ್ನು ನಡುವೆ ಬಿಟ್ಟೆ, ಖರೇ ಅನ್ನಿಸಲೆಂದು. ಪ್ರತಿ ಗುಂಡೂ ನಾನು ಅಂದುಕೊಂಡಲ್ಲೇ ಹೋಗಿ ಬಿತ್ತು. ಅಷ್ಟು ಚಲೋ ನಾನು ಜೀವಮಾನದಲ್ಲಿ ಹೊಡೆದಿರಲಿಲ್ಲ.

"ಆತಪ್ಪಾ" ಅಂದೆ.

ಅಪ್ಪ ದುರ್ಬೀನಿನ ಹತ್ತಿರ ಬರಲಿಲ್ಲ. ನಾನು ರೈಫಲ್ ಖಾಲಿ ಮಾಡಿಟ್ಟ ಮೇಲೆ ನೇರ ಹಲಗೆಯ ತನಕ ತಾನೇ ನಡೆದ. ಅದರ ಮುಂದೆ, ನನಗೆ ಬೆನ್ನು ಹಾಕಿ, ಬಹಳ ಹೊತ್ತು ನಿಂತ. ಬರುವಾಗ ಕಾಗದ ಹಿಡಿದುಕೊಂಡು ಬಂದ. ಹೆಜ್ಜೆ ಹಗುರಾಗಿತ್ತು. ಮುಖಕ್ಕೆ ರಕ್ತ ವಾಪಸು ಬಂದಿತ್ತು. ಬಂದು ನನ್ನ ಪಕ್ಕ ಗೋಣಿಚೀಲದ ಮೇಲೆ ಕುಳಿತ.

"ತಪ್ಪ ಎಣ್ಣಿದಲ್ಲ ತಂಗಿ" ಅಂದ. ಆ ಮೇಲೆ, ನನಗೆ ನೋವಾಗಬಾರದೆಂದು ಎಷ್ಟೋ ಮೆತ್ತಗೆ, "ನಿನ್ನ ಕೈನ ನಡಗತೈತಿ, ನೋಡು" ಅಂದ.

"ಹೌದಪ್ಪಾ" ಅಂದೆ.

ಅವನು ನನ್ನ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ತೆಗೆದುಕೊಂಡು ತಿಕ್ಕಿ ಬೆಚ್ಚಗೆ ಮಾಡತೊಡಗಿದ. ಆಗ ಅದು ಖರೇನೇ ನಡುಗುತ್ತಿತ್ತು.